ಹುಟ್ಟೋ ಮಗುವಿಗೆ ಮೊದಲ ತಿಂಗಳು ನಿಜವಾಗಿ ಏನೇನು ಬೇಕು?

ಪ್ರಶ್ನೆ

ನನಗೀಗ ಎಂಟು ತಿಂಗಳು. ಮೊದಲ ಹೆರಿಗೆ, ಜುಲೈ ಮೂರನೇ ವಾರ ಅಂದಿದ್ದಾರೆ. ಇರೋದು ಬೆಂಗಳೂರಲ್ಲಿ, ಬಾಣಂತನಕ್ಕೆ ತೀರ್ಥಹಳ್ಳಿ ಹತ್ತಿರದ ಅಮ್ಮನ ಮನೆ. ಮೊಬೈಲಿನಲ್ಲಿ ಸಿಕ್ಕಿದ ಒಂದು ಪಟ್ಟಿಯಲ್ಲಿ 64 ಸಾಮಾನಿವೆ. ಬಾಟಲಿ ಬಿಸಿ ಮಾಡೋಕೆ ಒಂದು ಯಂತ್ರ, ಮಗು ಒರೆಸೋ ಟಿಶ್ಯೂ ಬಿಸಿ ಮಾಡೋಕೆ ಇನ್ನೊಂದು! ಅಮ್ಮ ನೋಡಿದ್ರೆ, ಮಗು ಹುಟ್ಟೋ ಮುಂಚೆ ಒಂದು ದಾರದ ಎಳೆನೂ ತರಬಾರದು ಅಂತಾರೆ. ನನ್ನ ಗಂಡ ಇಬ್ಬರ ಮಾತೂ ಕೇಳಿ ಸುಮ್ಮನೆ ಹತ್ತು ಸಾವಿರ ಎತ್ತಿಟ್ಟಿದ್ದಾರೆ. ಮೊದಲ ನಾಲ್ಕೈದು ವಾರಕ್ಕೆ ಬೇಕೇ ಬೇಕಾಗಿದ್ದು ಏನು, ತಂದು ಮೂಲೆಗೆ ಬಿದ್ದಿದ್ದು ಏನು? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಾಗರದಿಂದ, ಎರಡು ಮಕ್ಕಳ ತಾಯಿ

ಜುಲೈ, ತೀರ್ಥಹಳ್ಳಿ ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಪುನರ್ವಸು ಮುಗಿದು ಪುಷ್ಯ ಮಳೆ ಹಿಡಿಯೋ ಹೊತ್ತು ಅದು. ನನ್ನ ದೊಡ್ಡವನು ಹುಟ್ಟಿದ್ದು ಅದೇ ಮಳೆಯಲ್ಲಿ, ಚಿಕ್ಕವಳು ಮಾರ್ಚ್ ತಿಂಗಳ ಬಿಸಿಲಲ್ಲಿ. ಚಿಕ್ಕವಳಿಗೆ 15 ಲಂಗೋಟಿ ಧಾರಾಳವಾಯ್ತು. ದೊಡ್ಡವನಿಗೆ 40 ಇದ್ದರೂ ಸಾಲಲಿಲ್ಲ. ಮಗು ಉಚ್ಚೆ ಮಾಡೋದು ಎರಡು ಕಾಲದಲ್ಲೂ ಅಷ್ಟೇ, ಒಣಗೋದರಲ್ಲೇ ವ್ಯತ್ಯಾಸ. ಮಲೆನಾಡಿನ ಮಳೆಗಾಲದಲ್ಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನ ಬಿಟ್ಟು ಮುಟ್ಟಿದರೂ ತಣ್ಣಗೆ ಅಂಟುತ್ತೆ. ನಮ್ಮತ್ತೆ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಹರವಿದ್ರು, ಒಣಗಿತು ನಿಜ, ಮಗು ಮಾತ್ರ ಒಂದು ತಿಂಗಳು ಹೊಗೆಯಾಡಿಸಿದ ಅಡಿಕೆ ಥರ ವಾಸನೆ ಬರ್ತಿತ್ತು. ಆಮೇಲೆ ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಬಟ್ಟೆ ಹಾಕೋಕೆ ಶುರು ಮಾಡಿದ್ವಿ. ಅರೆ ಒಣಗಿದ್ದನ್ನು ಇಸ್ತ್ರಿ ಮಾಡಿ ಮುಗಿಸೋದು ಎಲ್ಲಕ್ಕಿಂತ ಸುಲಭ, ಕರೆಂಟ್ ಇದ್ರೆ. ಸ್ವಲ್ಪ ತೇವ ಉಳಿದರೂ ತೊಡೆ ಸಂದಿ ಕೆಂಪಾಗಿ ಗುಳ್ಳೆ ಏಳುತ್ತೆ.

ಹಾಗಾಗಿ ನಿಮ್ಮ ಹತ್ತು ಸಾವಿರದಲ್ಲಿ ಮೊದಲು ಕೊಳ್ಳಬೇಕಾದ್ದು ಮನೆಯೊಳಗೆ ಬಟ್ಟೆ ಒಣಗಿಸೋ ಮಡಚುವ ಸ್ಟ್ಯಾಂಡು. ಯಾವ ಪಟ್ಟಿಯಲ್ಲೂ ಅದು ಇರಲ್ಲ. ಲಂಗೋಟಿ ಹೊಸದು ಕೊಳ್ಳಬೇಡಿ, ಅಂಗಡಿಯಲ್ಲಿ ಕಟ್ಟು ಕಟ್ಟಿ ಮಾರೋದು ಹತ್ತು ಸಲ ತೊಳೆಯೋವರೆಗೂ ಗಂಜಿ ಹಾಕಿದ ಹಾಗೆ ಬಿರುಸು. ಮನೆಯಲ್ಲಿರೋ ಹಳೇ ಪಂಚೆ ಹರಿಯಿರಿ.

ರಾತ್ರಿಗೆ ಡೈಪರ್ ಹಾಕಿ, ಯಾರು ಏನಂದರೂ ಹಾಕಿ. ಆದರೆ ಎನ್‌ಬಿ (ನ್ಯೂಬಾರ್ನ್, ಹಸುಗೂಸಿನ) ಅಳತೆಯದು ಒಂದೇ ಒಂದು ಸಣ್ಣ ಪ್ಯಾಕೆಟ್ ತನ್ನಿ. ಅದು ಬರೋದು ಹೆಚ್ಚೆಂದರೆ 5 ಕೆ.ಜಿ. ತೂಕದವರೆಗೆ. ರಿಯಾಯಿತಿ ಅಂತ ನಾನು ದೊಡ್ಡ ಡಬ್ಬ ತರಿಸಿದ್ದೆ, ಉಳಿದಿದ್ದನ್ನು ಪಕ್ಕದ ಮನೆ ಬಾಣಂತಿಗೆ ಕೊಟ್ಟೆ.

ಬೆಂಗಳೂರಿನಿಂದ, ಒಂಬತ್ತು ತಿಂಗಳ ಮಗಳ ಅಪ್ಪ

ಗಂಡಂದಿರ ಪರವಾಗಿ ನಾನು ಬರೀತೀನಿ. ನಮ್ಮನೇಲಿ ಮೂಲೆಗೆ ಬಿದ್ದಿದ್ದು: ಮೀನಿನ ಆಕಾರದ ಸ್ನಾನದ ಟಬ್ (ಮಗೂಗೆ ಎರೆಯೋಕೆ ಬಂದಮ್ಮ ಅದನ್ನ ನೋಡಿ ನಕ್ಕು, ಮಣೆ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗು ಮಲಗಿಸಿ ಹತ್ತು ನಿಮಿಷದಲ್ಲಿ ಎರೆದು ಮುಗಿಸಿದ್ರು), ನಾಲ್ಕು ಜೊತೆ ಶೂ, ದಿಂಬು ಮತ್ತು ಎರಡು ಉರುಳು ದಿಂಬಿನ ಹಾಸಿಗೆ ಸೆಟ್, ಪೌಡರ್ ಡಬ್ಬ, ತಿರುಗಿ ಹಾಡೋ ಗೊಂಬೆ. ಟಬ್‌ನಲ್ಲಿ ಈಗ ಕೊಳಕು ಬಟ್ಟೆ ನೆನೆಸ್ತೀವಿ.

ನಿಜವಾಗಿ ದುಡಿದಿದ್ದು: ಮಂದ ಬೆಳಕಿನ ರಾತ್ರಿ ದೀಪ. ಬಿಸಿನೀರಿನ ಫ್ಲಾಸ್ಕು. ಹಾಲು ಕುಡಿಸುವಾಗ ಹೆಂಡತಿ ಕಾಲಿಡೋಕೆ ಒಂದು ಮೋಟು ಸ್ಟೂಲು. ಫೋನಿಗೆ ಉದ್ದ ವೈರಿನ ಚಾರ್ಜರ್. ಕೊನೇದಕ್ಕೆ ನಗಬೇಡಿ. ಎರಡು ಗಂಟೆಗೊಮ್ಮೆ ಹಾಲು, ಒಂದೊಂದು ಸಲ ಮುಕ್ಕಾಲು ಗಂಟೆ. ಮಗು ಮಡಿಲಲ್ಲಿ ನಿದ್ದೆ ಹೋದರೆ ಬಾಣಂತಿ ಅಲ್ಲಾಡೋ ಹಾಗಿಲ್ಲ.

ಧಾರವಾಡದ ಕಡೆಯಿಂದ, ಐದು ಮೊಮ್ಮಕ್ಕಳ ಅಜ್ಜಿ

ತಂಗಿ, ನಿಮ್ಮವ್ವ ಹೇಳೂದೂ ಖರೇ ಐತಿ, ನಿನ್ನ ಚಿಂತಿನೂ ಖರೇ ಐತಿ. ನಮ್ಮ ಕಡೆನೂ ಕೂಸು ಹುಟ್ಟೂಕಿಂತ ಮೊದಲ ತೊಟ್ಟಿಲಾ ತರೂದಿಲ್ಲ, ಹೊಸಾ ಅಂಗಿ ತರೂದಿಲ್ಲ. ಆದ್ರ ಕೌದಿ ಹೊಲಿಯಾಕ ಯಾರೂ ಬ್ಯಾಡ ಅನ್ನೂದಿಲ್ಲ ನೋಡು. ಹಳೀ ಹತ್ತಿ ಸೀರಿ ನಾಕ್ ಪದರ ಮಾಡಿ ಸಣ್ಣ ಕೌದಿ ನಾಕೈದು ಹೊಲದಿಡ್ರಿ. ಹಾಸಾಕೂ ಬರ್ತಾವು, ಹೊದಸಾಕೂ ಬರ್ತಾವು, ಎತ್ತಿಕೊಳ್ಳಾಕ ಬರದ ಗಂಡಸರ ಕೈಯಾಗ ಕೂಸು ಕೊಡುವಾಗ ಸುತ್ತಿ ಕೊಡಾಕೂ ಬರ್ತಾವು.

ಕುಂಚಿಗಿ ಅಂತ ಕೇಳೀರೇನು? ಗುಳೇದಗುಡ್ಡದ ಖಣದಾಗ ಹೊಲಿತೀವಿ, ತಲಿ, ಕಿವಿ, ಬೆನ್ನು ಎಲ್ಲಾ ಮುಚ್ಚತೈತಿ. ಗಾಳ್ಯಾಗ ದವಾಖಾನಿಗೆ ಒಯ್ಯುವಾಗ ಭಾಳ ಚಲೋ. ಖಣ ಮೈಗೆ ಚುಚ್ಚತೈತಿ, ಒಳಗ ಮೆತ್ತನ್ನ ಹತ್ತಿ ಅರಬಿ ಕೊಟ್ಟು ಹೊಲಸರಿ.

ಇನ್ನ ತೊಟ್ಟಿಲಾ. ಕಲಘಟಗಿ ತೊಟ್ಟಿಲದ ಹೆಸರು ನೀವೂ ಕೇಳಿರಬೇಕು, ಅರಗಿನ ಬಣ್ಣದಾಗ ಚಿತ್ರಾ ತಗದಿರ್ತಾರ. ನಮ್ಮ ಮನ್ಯಾಗ ಇರೂ ಒಂದರಾಗ ಮೂರ ತಲಿ ಮಕ್ಕಳು ಮಲಗ್ಯಾವು. ಕೊಳ್ಳಾಕ ಹೋಗಬ್ಯಾಡ್ರಿ, ಬಳಗದಾಗ ಯಾರದರ ಮನಿ ಅಟ್ಟದ ಮ್ಯಾಲೆ ಒಂದು ಇದ್ದ ಇರತೈತಿ. ತಂದ ಮ್ಯಾಲೆ ಸರಪಳಿ, ಕೊಂಡಿ, ತೊಲಿ ಜಗ್ಗಿ ನೋಡ್ರಿ. ತಳ ಸಪಾಟ ಇರಬೇಕು. ಸೀರಿ ಜೋಲಿ ಹಸಗೂಸಿಗೆ ಬ್ಯಾಡ, ಗದ್ದ ಎದಿಗೆ ಹತ್ತಿ ಉಸರು ಕಟ್ಟತೈತಿ ಅಂತ ಡಾಕ್ಟರ್ ಬಾಯಿ ನಮ್ಮ ಸೊಸಿಗೆ ಹೇಳಿದ್ರು. ನಾವೆಲ್ಲಾ ಜೋಲ್ಯಾಗ ಬೆಳದೇವಿ, ಆದ್ರೂ ನಾ ವಾದಾ ಮಾಡಲಿಲ್ಲ.

ತಾಲ್ಲೂಕು ಆಸ್ಪತ್ರೆ ಹೆರಿಗೆ ವಾರ್ಡಿನಿಂದ, ನರ್ಸ್

ಅಜ್ಜಿ ಹೇಳಿದ ಜೋಲಿ ಮಾತು ಸರಿ. ಮಗು ಬೆನ್ನ ಮೇಲೆ, ಗಟ್ಟಿ ಹಾಸಿಗೆಯಲ್ಲಿ, ದಿಂಬಿಲ್ಲದೆ ಮಲಗಬೇಕು. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು, ರಾಗಿ ದಿಂಬು ತರುತ್ತಾರೆ, ಬೇಡ. ಸಾಗರದವರು ಹೇಳಿದ ಕೆಂಡಕ್ಕೂ ಒಂದು ಮಾತು ಸೇರಿಸ್ತೀನಿ. ಬಟ್ಟೆ ಒಣಗಿಸೋಕೆ ಹೊರಗೆ ಇಟ್ಟುಕೊಳ್ಳಿ, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯೊಳಗೆ ಕೆಂಡವೂ ಬೇಡ, ಸಾಂಬ್ರಾಣಿ ಹೊಗೆಯೂ ಬೇಡ, ಸೊಳ್ಳೆ ಬತ್ತಿಯೂ ಬೇಡ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೇ ಇಲ್ಲ.

ಸೊಳ್ಳೆಗೆ ಕೊಡೆ ಥರ ಬಿಚ್ಚುವ ಪರದೆ ಕೊಳ್ಳಿ. ನನ್ನ ಲೆಕ್ಕದಲ್ಲಿ ಮಗುವಿಗೆ ಹೊಸದಾಗಿ ಕೊಳ್ಳಲೇಬೇಕಾದ್ದು ಮೂರೇ: ಸೊಳ್ಳೆಪರದೆ, ರಬ್ಬರ್ ಶೀಟು, ಡಿಜಿಟಲ್ ಥರ್ಮಾಮೀಟರ್. ಥರ್ಮಾಮೀಟರ್ ಕಂಕುಳಲ್ಲಿಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಒಂದು ತಿಂಗಳೊಳಗಿನ ಮಗುವಿಗೆ ಮನೆಯಲ್ಲಿ ಔಷಧಿ ಹಾಕಿ ಕಾಯೋ ಹಾಗಿಲ್ಲ, ರಾತ್ರಿ ಎರಡಾದರೂ ಆಸ್ಪತ್ರೆಗೆ ಬನ್ನಿ. ಮೈ ತಣ್ಣಗಾಗಿ ಹಾಲು ಎಳೆಯದೆ ಮಂಕಾಗಿದ್ದರೂ ಅಷ್ಟೇ.

ಕೆಲವರು ಚೀಲದಲ್ಲಿ ಗ್ರೈಪ್ ವಾಟರ್, ಜೇನುತುಪ್ಪ, ಕಾಡಿಗೆ ಡಬ್ಬಿ ಎಲ್ಲ ತುಂಬಿಕೊಂಡು ಬರ್ತಾರೆ. ಮೂರನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಜೇನು ಒಂದು ವರ್ಷದವರೆಗೆ ನಾಲಿಗೆಗೆ ಸೋಕಿಸೋದೂ ಬೇಡ. ಕಾಡಿಗೆಯಲ್ಲಿ ಸೀಸ ಇರಬಹುದು. ದೃಷ್ಟಿ ಬೊಟ್ಟು ಇಡಲೇಬೇಕೆಂದು ಅಜ್ಜಿ ಹಟ ಹಿಡಿದರೆ ಅಂಗಾಲಿಗೆ ಇಡಿಸಿ, ಕಣ್ಣಿಗಲ್ಲ. ಮೂಗು, ಕಿವಿಗೆ ಎಣ್ಣೆ ಬಿಡೋದು ಬೇಡ. ಹೊಕ್ಕುಳ ಬಳ್ಳಿ ಒಂದೆರಡು ವಾರದಲ್ಲಿ ತಾನೇ ಉದುರುತ್ತೆ, ಅರಿಶಿನ, ಪೌಡರ್, ಎಣ್ಣೆ ಏನೂ ಹಚ್ಚದೆ ಒಣಗಿರೋಕೆ ಬಿಡಿ. ಲಂಗೋಟಿ ಅದಕ್ಕಿಂತ ಕೆಳಗೆ ಕಟ್ಟಿ.

ಅಮ್ಮನ ಶಾಸ್ತ್ರಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಹಳೇ ಬಟ್ಟೆ ಹೊಸದಲ್ಲವಲ್ಲ, ತೊಳೆದು ಒಣಗಿಸಿಟ್ಟರೆ ಯಾವ ಶಾಸ್ತ್ರವೂ ಮುರಿಯಲ್ಲ. ಎಂಟು ಹತ್ತು ಹತ್ತಿ ತುಂಡು, ಅಕ್ಕನ ಮಕ್ಕಳು ತೊಟ್ಟ ಮುಂದೆ ಕಟ್ಟುವ ಜುಬ್ಬ ಎರಡು ಮೂರು, ಕುಲಾವಿ, ಕಾಲುಚೀಲ ಇಷ್ಟನ್ನು ತಾಯಿ ಕಾರ್ಡಿನ ಜೊತೆ ಒಂದು ಚೀಲಕ್ಕೆ ಹಾಕಿಡಿ. ತಲೆ ಮೇಲಿಂದ ಹಾಕುವ ಅಂಗಿ ಬೇಡ, ಕತ್ತು ನಿಲ್ಲದ ಮಗುವಿಗೆ ತೊಡಿಸಲು ಮನೆಮಂದಿಯೆಲ್ಲ ಬೇಕಾಗುತ್ತೆ.

ಮತ್ತೆ, ನೀವು ಕೇಳದೆ ಇದ್ದದ್ದು. ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಮಡಿಲು ಕಿಟ್ ಅಂತ ಕೊಡ್ತಿದ್ರು. ಸೊಳ್ಳೆಪರದೆ, ರಬ್ಬರ್ ಶೀಟು, ಮಗುವಿನ ಸ್ವೆಟರ್, ಟೋಪಿ ಇರ್ತಿತ್ತು, ಜೊತೆಗೆ ತಾಯಿಗೆ ಪ್ಯಾಡು, ಸೋಪು, ಹೊಟ್ಟೆಗೆ ಕಟ್ಟೋ ಬಟ್ಟೆ, ಬಾಚಣಿಗೆ, ಎಣ್ಣೆ. ಆ ಚೀಲ ಜೋಡಿಸಿದವರಿಗೆ ಗೊತ್ತಿತ್ತು, ಹುಟ್ಟಿದ್ದು ಮಗು ಒಂದೇ ಅಲ್ಲ, ಬಾಣಂತಿಯೂ ಇದ್ದಾಳೆ ಅಂತ. ನಿಮ್ಮ 64 ಸಾಮಾನಿನಲ್ಲಿ ನಿಮಗೆ ಅಂತ ಎಷ್ಟಿವೆ, ಎಣಿಸಿ ನೋಡಿ. ದೊಡ್ಡ ಪ್ಯಾಡು, ಮುಂದೆ ಬಿಚ್ಚುವ ಸಡಿಲ ನೈಟಿ ನಾಲ್ಕು, ಹಾಲುಣಿಸುವ ಬ್ರಾ ಎರಡು ಮೂರು. ಮೊದಲು ಅದನ್ನು ಕೊಳ್ಳಿ. ಅದಕ್ಕೆ ಯಾರ ಶಾಸ್ತ್ರವೂ ಅಡ್ಡ ಬರಲ್ಲ.

ಮಂಡ್ಯದಿಂದ, ಸಿಸೇರಿಯನ್ ಆದ ತಾಯಿ

ನರ್ಸ್ ಮೇಡಂ ಹೇಳಿದ್ದು ನನಗೆ ಮುಂಚೆ ಯಾರೂ ಹೇಳಲಿಲ್ಲ. ನಾನು ಮಗೂಗೆ ಮೂವತ್ತು ಅಂಗಿ ತಗೊಂಡಿದ್ದೆ, ನನಗೆ ಮುಂದೆ ಬಿಚ್ಚೋ ನೈಟಿ ಒಂದೇ ಒಂದು.

ನನಗೆ ಹಾಲು ತುಂಬಿಕೊಂಡಿದ್ದು ನಾಲ್ಕನೇ ದಿನ. ಅಲ್ಲೀವರೆಗೆ ನೋಡೋಕೆ ಬಂದವರೆಲ್ಲ "ಹಾಲಿಲ್ಲ, ಬಾಟ್ಲಿ ತರಿಸಿ" ಅಂದ್ರು. ಮೊದಲ ದಿನ ಮಗೂಗೆ ಒಂದು ಸಲಕ್ಕೆ ಒಂದು ಚಮಚದಷ್ಟು ಗಿಣ್ಣುಹಾಲು ಸಾಕು ಅಂತ ಆಮೇಲೆ ಗೊತ್ತಾಯ್ತು. ಬಾಟ್ಲಿ, ಅದನ್ನ ಕುದಿಸೋ ಯಂತ್ರ ಮೊದಲೇ ತಂದಿಟ್ಕೋಬೇಡಿ. ಕೈಗೆ ಸಿಗೋ ಹಾಗಿದ್ರೆ ಮೂರನೇ ದಿನದ ರಾತ್ರಿ ಅದೇ ಗತಿ ಅನ್ಸತ್ತೆ. ನಮ್ಮ ವಾರ್ಡಿನ ಸಿಸ್ಟರ್ ನನ್ನ ಹಾಲನ್ನೇ ಕೈಯಲ್ಲಿ ಹಿಂಡಿ ಪಲಾಡೈಯಲ್ಲಿ (ಮೂತಿ ಇರೋ ಪುಟ್ಟ ಬಟ್ಟಲು) ಕುಡಿಸಿದ್ರು. ನಮ್ಮಜ್ಜಿ ಅದನ್ನ ನೋಡಿ "ಇದು ನಮ್ಮ ಒಳಲೆ ಕಣೇ" ಅಂದ್ರು! ಮನೆ ಅಟ್ಟದಲ್ಲಿ ಹಿತ್ತಾಳೆಯದೊಂದು ಇತ್ತು ಕೂಡ. ನಾವು ತಂದಿದ್ದು ಸ್ಟೀಲಿನದು, ಕುದಿಸೋಕೆ ಸುಲಭ. ಹಾಲು ಹಿಂಡೋ ಪಂಪು ಬೇಕು ಅಂತ ಡಾಕ್ಟರ್ ಹೇಳಿದ್ರೆ ಆವತ್ತೇ ತರಿಸಬಹುದು.

ಇನ್ನೊಂದು ಸಣ್ಣದು: ಮಗುವಿನ ಉಗುರು ಕತ್ತರಿ. ಹುಟ್ಟಿದ ಮೂರೇ ದಿನಕ್ಕೆ ಕೆನ್ನೆ ಪರಚಿಕೊಂಡಿತ್ತು.

ನ್ಯೂ ಜೆರ್ಸಿಯಿಂದ, ಹುಬ್ಬಳ್ಳಿ ಮೂಲದ ಅಪ್ಪ

ಪ್ರಶ್ನೆ ಕೇಳಿದವರಿಗೆ ಬೇಡದಿದ್ದರೂ ನಮ್ಮಂತೆ ಹೊರದೇಶದಲ್ಲಿ ಇರುವವರು ಇದನ್ನು ಓದಬಹುದು, ಅದಕ್ಕೆ ಬರೀತಿದ್ದೇನೆ. ಇಲ್ಲಿ ಕಾರ್ ಸೀಟ್ (ಕಾರಿನಲ್ಲಿ ಮಗುವನ್ನು ಬೆಲ್ಟ್ ಕಟ್ಟಿ ಕೂರಿಸುವ ಪುಟ್ಟ ಸೀಟು) ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಮೇಲೆ ನೋಡಿಕೊಳ್ಳಬಹುದು. ನಮ್ಮ ಆಸ್ಪತ್ರೆಯಲ್ಲಿ ನರ್ಸ್ ಕಾರಿನವರೆಗೂ ಬಂದು ಸೀಟು ನೋಡಿಯೇ ಕಳಿಸಿದರು. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಹಿಂದಕ್ಕೆ ಇರುವಂತೆ ಕೂರಿಸಬೇಕು. ಹಳೆಯದು ಯಾರಾದರೂ ಕೊಟ್ಟರೆ ಅಪಘಾತ ಕಂಡಿದೆಯೇ, ಅವಧಿ ಮುಗಿದಿದೆಯೇ ಕೇಳಿ. ಚಳಿಗಾಲದ ದಪ್ಪ ಕೋಟಿನ ಮೇಲೆ ಬೆಲ್ಟ್ ಕಟ್ಟಬೇಡಿ, ಸಡಿಲ ಉಳಿಯುತ್ತದೆ. ಇಳಿಜಾರಾಗಿ ಮಲಗಿಸುವ ಸ್ಲೀಪರ್ ಮತ್ತು ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಯ ಮಾರಾಟವನ್ನು ಅಮೆರಿಕದ 2022ರ ಕಾನೂನು ಇಲ್ಲಿ ನಿಷೇಧಿಸಿದೆ, ಹಳೆ ಸಾಮಾನು ಮಾರುವವರ ಬಳಿ ಇನ್ನೂ ಕಣ್ಣಿಗೆ ಬೀಳಬಹುದು. ಅಮ್ಮ ಊರಿಂದ ಬರುವಾಗ ತಂದ ಹತ್ತು ಹಳೇ ಪಂಚೆ ತುಂಡು ಮಾತ್ರ ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಮತ್ತೆ ಬೆಂಗಳೂರಿನ ಅಪ್ಪ

ಒಂದು ಮರೆತಿದ್ದೆ. ಯಾರಾದ್ರೂ "ಮಗೂಗೆ ಏನು ತರಲಿ" ಅಂತ ಕೇಳಿದ್ರೆ "ಏನೂ ಬೇಡ" ಅನ್ನಬೇಡಿ. ಹಾಗಂದ್ರೆ ಬರೋದು ಹುಟ್ಟಿದ ಅಳತೆಯ ಅಂಗಿನೇ, ಅದೂ ಹನ್ನೆರಡು! ಆರು ತಿಂಗಳ ಅಳತೆಯದು ತನ್ನಿ, ಇಲ್ಲಾಂದ್ರೆ ಡೈಪರ್ ಪ್ಯಾಕೆಟ್ ತನ್ನಿ ಅಂತ ಬಾಯಿಬಿಟ್ಟು ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. 64ರಲ್ಲಿ ನನಗೆ ಅಂತ ಇದ್ದದ್ದು ಎರಡು, ಅದರಲ್ಲಿ ಒಂದು ಮಗುವಿನ ಸಾಮಾನು ಹೊರೋ ಬ್ಯಾಗು. ಅಮ್ಮನಿಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಸ್ಟ್ಯಾಂಡು, ಸೊಳ್ಳೆಪರದೆ, ಥರ್ಮಾಮೀಟರ್ ಮಗುವಿನ ವಸ್ತು ಅಲ್ಲ, ಮನೆ ಸಾಮಾನು ಅಂತ ತೀರ್ಮಾನ ಆಗಿದೆ, ಈಗಲೇ ತರಬಹುದಂತೆ. ನೈಟಿ ಆರ್ಡರ್ ಮಾಡಿದೆ. ಅಪ್ಪನ ಪಂಚೆಗಳ ಟ್ರಂಕು ತೆಗೆದಿದ್ದಾರೆ, ಒಂದನ್ನು ಮಾತ್ರ ಅಪ್ಪ ಬಿಟ್ಟುಕೊಡ್ತಿಲ್ಲ, ಮದುವೆಯಲ್ಲಿ ಉಟ್ಟಿದ್ದಂತೆ. ಒಂದು ಪಂಚೆಯಲ್ಲಿ ಎಷ್ಟು ಲಂಗೋಟಿ ಆಗುತ್ತೆ?

ಸಾಗರದಿಂದ

ಎಂಟು ಮೊಳದ್ದಾದರೆ ಹನ್ನೆರಡು. ಜರಿ ಅಂಚು ಕತ್ತರಿಸಿ ತೆಗೀರಿ, ಚುಚ್ಚುತ್ತೆ. ಹರಿದ ಅಂಚು ಮಡಚಿ ಹೊಲಿಯಬೇಡಿ, ಅಲ್ಲೇ ಗಟ್ಟಿ ಗೆರೆ ಬಿದ್ದು ತೊಡೆಗೆ ಒತ್ತುತ್ತೆ, ಅಲ್ಲೇ ತೇವ ನಿಲ್ಲುತ್ತೆ. ಎಳೆ ಬಿಟ್ಟುಕೊಂಡರೆ ಮಾತ್ರ ಆಗಾಗ ಕತ್ತರಿಸಿ, ಬೆರಳಿಗೆ ಸುತ್ತಿಕೊಳ್ಳದ ಹಾಗೆ. ಅಪ್ಪನ ಮದುವೆ ಪಂಚೆ ಟ್ರಂಕಿನಲ್ಲೇ ಇರಲಿ, ನಾಲ್ಕು ಪಂಚೆ ಸಿಕ್ಕರೆ ಸಾಕು.