ಚಿತ್ರದುರ್ಗದಲ್ಲಿ ಮಳೆನೀರು ನುಗ್ಗೋ ಓಣಿಗಳ ಸ್ಟಡಿ, ಎಲ್ಲಿಂದ ಶುರು ಮಾಡ್ಲಿ?

ದುರ್ಗದ_ಹುಡುಗಿ:
ಎಲ್ರಿಗೂ ನಮಸ್ಕಾರ. ಪ್ಲಾನಿಂಗ್ ಓದ್ತಿದೀನಿ, ಪ್ರಾಜೆಕ್ಟ್‌ಗೆ ನಮ್ಮೂರನ್ನೇ ತಗೊಂಡಿದೀನಿ. ಬರದ ಜಿಲ್ಲೆಗೆ ಮಳೆನೀರಿನ ಸ್ಟಡಿ ಯಾಕಮ್ಮಾ ಅಂತ ಕೇಳ್ತಾರೆ, ಆದ್ರೆ ವಾಣಿವಿಲಾಸ ಸಾಗರ 1933 ಬಿಟ್ರೆ 2022ಕ್ಕೆ ಕೋಡಿ ಬಿತ್ತಲ್ಲ, ಆ ವರ್ಷನೇ ನಮ್ಮಜ್ಜಿ ಮನೆಗೆ ನೀರು ನುಗ್ಗಿ ಅಕ್ಕಿ ಮೂಟೆ ತಳ ನೆಂದು ಮುಗ್ಗಲು ಹಿಡೀತು, ಹೊಸ್ತಿಲಿಂದ ಒಂದು ಗೇಣು ಮೇಲೆ ಗೋಡೆ ಮೇಲೆ ಕೆಮ್ಮಣ್ಣಿನ ಗೆರೆ ಈಗ್ಲೂ ಐತೆ. ಸ್ಯಾಟಲೈಟ್‌ನ ಎತ್ತರದ ಡೇಟಾ ಇಳಿಸ್ಕೊಂಡೆ, 30 ಮೀಟರಿಗೆ ಒಂದೇ ಚುಕ್ಕಿ, ಅಜ್ಜಿ ಓಣಿ ಅನ್ನೋದೇ ಅದ್ರಲ್ಲಿ ಕಾಣಲ್ಲ. ಏನ್ ಮಾಡ್ಲಿ?

ಕೋಟೆ_ಸುತ್ತು:
ತಂಗಿ, ಮೊದ್ಲು ಕೋಟೆ ಹತ್ತಮ್ಮ. ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ, ಹಿಂದಿನೋರು ಹಂಗೆ ಮಾಡಿಟ್ಟಿದ್ರು. ಬಂಡೆ ನೀರು ಕುಡಿಯಲ್ಲ, ಬಿದ್ದಿದ್ದೆಲ್ಲ ಕೆಳಗೇ ಇಳೀಬೇಕು. ಆ ದಾರಿ ಎಲ್ಲೆಲ್ಲಿ ಮುಚ್ಚೋಗಿದೆ ಅಂತ ಕಾಲ್ನಡಿಗೇಲಿ ಗುರುತು ಹಾಕ್ಕೊ. ಹಳೇ ಗ್ರಾಮ ನಕ್ಷೇಲಿ ಹಳ್ಳದ ಗೆರೆ ಇರುತ್ತೆ, ನಿಂತ ಜಾಗದ ಸರ್ವೆ ನಂಬರ್ ತೋರ್ಸೋ ಸರ್ಕಾರದ ದಿಶಾಂಕ್ ಆಪ್‌ನಲ್ಲಿ ಅದನ್ನ ತಾಳೆ ನೋಡು. ಮಳೆ ಲೆಕ್ಕಕ್ಕೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದೋರ ಮಳೆಮಾಪಕ ಪಂಚಾಯ್ತಿ ಮಟ್ಟದಲ್ಲೂ ಇದಾವೆ, ಪತ್ರ ಬರ್ದು ಕೇಳು.

ಗಾರೆ_ಕೆಲ್ಸ:
ಆ ಗೋಡೆ ಗೆರೆ ಇದ್ಯಲ್ಲ, ಅದೇ ನಿಮ್ ಡೇಟಾ ಮೇಡಂ. ನಾವು ಪಾಯ ಹಾಕುವಾಗ ಟ್ಯೂಬಿಗೆ ನೀರು ತುಂಬ್ಸಿ ಮಟ್ಟ ನೋಡ್ತೀವಿ, ಎರಡೂ ತುದೀಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಆ ಟ್ಯೂಬ್ ಹಿಡ್ಕೊಂಡು ಮನೆಯಿಂದ ಮನೆಗೆ ಹೋಗಿ ಗೆರೆ ಅಳೀರಿ, ಯಾವ ಮನೆ ಎಷ್ಟಿಂಚು ತಗ್ಗು ಅಂತ ಸಿಕ್ಬಿಡುತ್ತೆ. ಇಬ್ರು ಬೇಕು ಅಷ್ಟೆ. ಮನೇಲಿರೋ ಹೆಂಗಸ್ರನ್ನೇ ಕೇಳಿ, ನೀರು ಚರಂಡಿಯಿಂದ ಉಕ್ಕಿತಾ ರಸ್ತೆಯಿಂದ ಬಂತಾ ಅಂತ ಅವ್ರಿಗೇ ಗೊತ್ತಿರುತ್ತೆ, ಬಾಚಿ ಹಾಕಿದ್ದು ಅವ್ರೇ ಅಲ್ವಾ.

ಬೆಣ್ಣೆದೋಸೆ_ಊರು:
ದಾವಣಗೆರೆಯಿಂದ ಒಂದು ಮಾತು ರೀ. ನೀರಿನ ಜೊತೆ ಬಿಸಿಲನ್ನೂ ಕೇಳ್ರಿ, ಮನೆಗಳು ಅವೇ ಅಲ್ವಾ. ನಮ್ಮಲ್ಲಿ ಮಂಡಕ್ಕಿ ಭಟ್ಟಿಗಳಲ್ಲಿ ಏಪ್ರಿಲ್‌ನಾಗೂ ಒಲೆ ಮುಂದೆ ನಿಂತು ಮರಳು ಕಾಯ್ಸಿ ಹುರೀತಾರೆ, ಮನೆಗೆ ಬಂದ್ರೆ ತಗಡಿನ ಶೀಟು, ರಾತ್ರಿನೂ ಝಳ ಇಳಿಯಲ್ಲ. ಅಹಮದಾಬಾದಿನೋರು 2010ರ ಬಿಸಿಗಾಳಿಗೆ ಜನ ಸತ್ತ ಮೇಲೆ 2013ರಲ್ಲಿ ಹೀಟ್ ಆಕ್ಷನ್ ಪ್ಲಾನ್ ಮಾಡಿದ್ರು, ಆಮೇಲೆ ಬಡವರ ಮನೆ ಮಾಳಿಗೆಗೆ ಬಿಳಿ ಸುಣ್ಣ ಬಳಿಯೋ ಕೆಲ್ಸನೂ ಶುರುವಾಯ್ತು. ನಮ್ ಊರುಗಳಿಗೂ ಅಂಥದ್ದು ಬೇಕೇ ಬೇಕು.

ದುರ್ಗದ_ಹುಡುಗಿ:
ಅಣ್ಣಾ, ಟ್ಯೂಬ್ ಐಡಿಯಾ ನಂಗೆ ಹೊಳ್ದೇ ಇರ್ಲಿಲ್ಲ. ಬಿಸಿಲಿಗೂ ಎರಡು ಪ್ರಶ್ನೆ ಸೇರಿಸ್ತೀನಿ. ಭಾನುವಾರ ಅಜ್ಜಿ ಓಣಿಯಿಂದ್ಲೇ ಶುರು. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಸ್ಬೇಕು ಅಂತಿದ್ರು, ಅಳೆಯೋವರೆಗೂ ಆ ಗೆರೆ ಮುಟ್ಬೇಡಿ ಅಂತ ಈಗಷ್ಟೇ ಫೋನ್ ಮಾಡಿ ಹೇಳ್ದೆ.