ಇಬ್ಬರೂ ಚೆನ್ನಾಗಿದ್ದೇವೆ, ಮಗುವಿಗೆ ಥಲಸ್ಸೇಮಿಯಾ ಹೇಗೆ ಬರುತ್ತೆ?

ಪ್ರಶ್ನೆ
ಹೆಂಡತಿಗೆ ಈಗ 9 ವಾರ. ರಕ್ತ ಪರೀಕ್ಷೆಯಲ್ಲಿ ಅವಳಿಗೆ ಬೀಟಾ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ಟ್ರೇಟ್, ಅಂದರೆ ಅದರ ವಾಹಕಿ ಅಂತ ಬಂತು. ನನ್ನದನ್ನೂ ನೋಡಿದರು, ನನಗೂ ಇದೆ. ಟ್ರೇಟ್ ಇದ್ದವರಲ್ಲಿ ಏರುವ ಎಚ್‌ಬಿಎ2 ಅನ್ನೋ ಹಿಮೋಗ್ಲೋಬಿನ್ ಅವಳದು ಶೇ. 5.1, ನನ್ನದು 4.8. ನನ್ನ ಹಿಮೋಗ್ಲೋಬಿನ್ ಮೊದಲಿಂದಲೂ 12ರ ಆಸುಪಾಸು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರಲಿಲ್ಲ. ಆದರೆ ಸುಸ್ತು ಅಂತ ಒಂದು ದಿನವೂ ಮಲಗಿದವನಲ್ಲ. ಹಾಗಿದ್ದರೆ ಮಗುವಿಗೆ ಯಾಕೆ ತೊಂದರೆ? ಡಾಕ್ಟರ್ ಹೇಳಿದ್ದು ಗಾಬರಿಯಲ್ಲಿ ತಲೆಗೇ ಹೋಗಲಿಲ್ಲ.

ಉತ್ತರ 1
ಸರ್, ನಾನು 14 ವರ್ಷದಿಂದ ಲ್ಯಾಬ್‌ನಲ್ಲಿ ಇಂಥ ರಿಪೋರ್ಟ್‌ಗಳನ್ನೇ ತೆಗೆಯುತ್ತಿದ್ದೇನೆ. ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಪ್ರೋಟೀನ್ ಸರಪಳಿ ಇರುತ್ತವೆ, ಎರಡು ಆಲ್ಫಾ, ಎರಡು ಬೀಟಾ. ಬೀಟಾ ಮಾಡುವ ಜೀನ್ 11ನೇ ಕ್ರೋಮೋಸೋಮ್‌ನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ನಿಮ್ಮಲ್ಲಿ ಒಂದು ಕೆಟ್ಟಿದೆ, ಇನ್ನೊಂದು ದುಡಿಯುತ್ತಿದೆ. ಅದಕ್ಕೇ ಆರಾಮಾಗಿದ್ದೀರಿ. ಸ್ಲೈಡ್ ಇಟ್ಟು ನೋಡಿದರೆ ನಿಮ್ಮ ಕೆಂಪು ಕಣಗಳು ಚಿಕ್ಕದಾಗಿ, ಪೇಲವವಾಗಿ ಕಾಣುತ್ತವೆ. ಆದರೆ ಲೆಕ್ಕ ಹಾಕಿದರೆ ಸಂಖ್ಯೆ ಜಾಸ್ತಿಯೇ ಇರುತ್ತೆ. ಕೊರತೆ ಬೀಟಾದ್ದು, ಕಬ್ಬಿಣ ಏನು ಮಾಡೀತು? ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಪರೀಕ್ಷೆ) ನೋಡದೆ ಸುಮ್ನೆ ಮಾತ್ರೆ ನುಂಗಬೇಡಿ.

ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದರೆ ಬೀಟಾ ತೀರಾ ಕಡಿಮೆ, ಇಲ್ಲವೇ ಪೂರ್ತಿ ಇಲ್ಲ. ಆಲ್ಫಾ ಮಾತ್ರ ಎಂದಿನಂತೆ ತಯಾರಾಗುತ್ತಲೇ ಇರುತ್ತೆ. ಜೊತೆ ಸಿಗದ ಆ ಆಲ್ಫಾ ಗಂಟುಕಟ್ಟಿ, ಕಣ ಬೆಳೆಯುವ ಮೊದಲೇ ಅಸ್ಥಿಮಜ್ಜೆಯಲ್ಲೇ ಅದನ್ನು ಸಾಯಿಸುತ್ತೆ. ನನ್ನ ಪ್ರಕಾರ ಜನರಿಗೆ ಮೊದಲು ಹೇಳಬೇಕಾದದ್ದು ಇದೇ. ಎಲ್ಲರೂ 'ರಕ್ತ ಕಡಿಮೆ' ಅಂದು ಸುಮ್ಮನಾಗುತ್ತಾರೆ.

ಪ್ರಶ್ನೆ ಕೇಳಿದವರು
ಜೀನ್ 'ಕೆಡೋದು' ಅಂದ್ರೆ ಏನು? ಸಿಕಲ್ ಸೆಲ್ ಕೂಡ ಇದೇನಾ?

ಉತ್ತರ 1
ಎಷ್ಟೋ ಸಲ ಒಂದೇ ಒಂದು ಅಕ್ಷರ ಬದಲಾಗಿರುತ್ತೆ. ಜೀನ್‌ನ ಸಂದೇಶದಲ್ಲಿ ಬೇಡದ ತುಂಡುಗಳನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಬೇಕು. ಕತ್ತರಿಸುವ ಜಾಗದ ಗುರುತೇ ತಪ್ಪಿದರೆ ಸಂದೇಶ ಹಾಳು, ಸರಪಳಿ ಆಗೋದಿಲ್ಲ. ಥಲಸ್ಸೇಮಿಯಾದಲ್ಲಿ ಹೀಗೆ ಆಗೋದು ಸಾಮಾನ್ಯ. ಸಿಕಲ್ ಸೆಲ್‌ನಲ್ಲಿ ಬೀಟಾ ಸರಪಳಿ ತಯಾರಾಗುತ್ತೆ, ಆದರೆ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತಿರುತ್ತೆ. ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕಡ್ಡಿಯಂತಾಗಿ, ಕಣವನ್ನು ಕುಡುಗೋಲಿನ ಹಾಗೆ ಬಗ್ಗಿಸುತ್ತೆ.

ಉತ್ತರ 2
ಅಣ್ಣಾ, ನನ್ನ ಮಗಳಿಗೆ ಥಲಸ್ಸೇಮಿಯಾ ಮೇಜರ್ ಇದೆ, ಎರಡೂ ಪ್ರತಿ ಕೆಟ್ಟಾಗ ಬರೋದು. ಹುಟ್ಟಿದಾಗ ಗುಂಡುಗುಂಡಾಗಿದ್ದಳು. ಗರ್ಭದಲ್ಲಿರುವಾಗ ಬೀಟಾ ಬದಲು ಗಾಮಾ ಸರಪಳಿ ಕೆಲಸ ಮಾಡುತ್ತಂತೆ, ಹುಟ್ಟಿದ ಮೇಲೆ ಅದು ಕಡಿಮೆಯಾಗುತ್ತಾ ಬರುತ್ತೆ. 7 ತಿಂಗಳಿಗೆ ಮಗು ಬಿಳಿಚಿಕೊಂಡಳು. ಈಗ ಮೂರು ವಾರಕ್ಕೊಮ್ಮೆ ರಕ್ತ, ಆ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸೋಕೆ ದಿನಾ ಮಾತ್ರೆ. ರಕ್ತ ಹಾಕುವ ದಿನ ಬೆಳಗ್ಗೆ ಅವಳ ಕಿವಿ ಹಾಲೆ ಮೇಣದ ಹಾಗಿರುತ್ತೆ, ಸಂಜೆಗೆ ಗುಲಾಬಿ ಬಣ್ಣ. ನಮಗೆ ಮೊದಲೇ ಯಾರೂ ಪರೀಕ್ಷೆ ಮಾಡಿಸಿ ಅಂದಿರಲಿಲ್ಲ. ನಿಮಗೆ ಇನ್ನೂ ಸಮಯ ಇದೆ ಅಲ್ವಾ, ಕಳೆಯಬೇಡಿ.

ಉತ್ತರ 1
ಅಕ್ಕ ಹೇಳಿದ್ದು ಸರಿ. ಪ್ರತಿ ಗರ್ಭದಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ 4ರಲ್ಲಿ 1 ಪಾಲು, ಪ್ರತಿ ಸಲವೂ ಹೊಸದಾಗಿ. ಮೊದಲು ಇಬ್ಬರ ಡಿಎನ್‌ಎ ಪರೀಕ್ಷೆಯಲ್ಲಿ ಮ್ಯುಟೇಶನ್ (ಜೀನ್ ಕೆಡಿಸಿದ ಬದಲಾವಣೆ) ಯಾವುದು ಅಂತ ಗೊತ್ತಾಗಬೇಕು. ಆಮೇಲೆ 11 ವಾರ ತುಂಬಿದಾಗ ಮಾಸುಚೀಲದ ಚೂರು ತೆಗೆದು ಮಗುವಿನದನ್ನು ನೋಡಬಹುದು.

ಪ್ರಶ್ನೆ ಕೇಳಿದವರು
ಈಗಷ್ಟೇ ಫೋನ್ ಮಾಡಿದೆ. ನಾಳೆ ಬೆಳಗ್ಗೆ ಇಬ್ಬರೂ ರಕ್ತ ಕೊಡುತ್ತಿದ್ದೇವೆ.