‘ಸೆಲ್ಫ್ ಎತ್ತುತ್ತಿಲ್ಲ’ ಎಂಬ ಮಾತು ಮತ್ತು ಹಳೆಯ ಟ್ರ್ಯಾಕ್ಟರಿನ ಕೆಲವು ಪದಗಳು

ಮಾನ್ಯರೇ,

ಹಳೆಯ ಟ್ರ್ಯಾಕ್ಟರ್ ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಂತಾಗ ವಿದ್ಯುತ್ತಿನ ಕಡೆಯಿಂದ ಏನೇನು ನೋಡಬೇಕು ಎಂಬುದನ್ನು ವಿವರಿಸುವ ನಾಲ್ಕು ಪುಟದ ಕೈಪಿಡಿಯೊಂದನ್ನು ಊರಿನ ಹುಡುಗರ ಒತ್ತಾಯಕ್ಕೆ ಬರೆಯುತ್ತಿದ್ದೇನೆ. ಕೆಲಸದಲ್ಲಿ ತೊಡಕಿಲ್ಲ, ತೊಡಕಿರುವುದು ಪದಗಳಲ್ಲಿ. ಮೊದಲ ಕರಡಿನಲ್ಲಿ ‘ಪ್ರಾರಂಭಕ ಮೋಟಾರು ಕಾರ್ಯನಿರ್ವಹಿಸದಿದ್ದಲ್ಲಿ’ ಎಂದು ಒಂದು ವಾಕ್ಯ ಆರಂಭಿಸಿದ್ದೆ. ಸೊರಬದ ಕಡೆ ಗದ್ದೆ ತೋಟ ಮಾಡಿಕೊಂಡು, ಬಹಳ ವರ್ಷಗಳಿಂದ ಒಂದೇ ಗಾಡಿಯನ್ನು ಓಡಿಸುತ್ತಿರುವ ನನ್ನ ಸೋದರಮಾವ ಅದನ್ನು ಓದಿ, ‘ಇದು ಸೆಲ್ಫ್ ಎತ್ತಲ್ಲ ಅಂತಲೋ, ಕಚ್ಚಲ್ಲ ಅಂತಲೋ? ಎರಡೂ ಬೇರೆ ಕಣೋ’ ಎಂದರು. ನನ್ನ ವಾಕ್ಯ ಎರಡಕ್ಕೂ ಒಂದೇ ಆಗಿತ್ತು. ಈ ಪತ್ರಕ್ಕೆ ಅದೇ ಕಾರಣ.

ಮೊದಲು ‘ಸೆಲ್ಫ್’ ಪದ, ಅಂದರೆ ಬ್ಯಾಟರಿಯ ಕರೆಂಟಿನಿಂದ ಇಂಜಿನ್ನನ್ನು ಸುತ್ತಿಸಿ ಎಬ್ಬಿಸುವ ಮೋಟಾರು. ಹಿಂದೆ ಇಂಜಿನ್ನಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಆ ಕಷ್ಟ ಕ್ರಮೇಣ ತಪ್ಪಿತು. ಇಂಗ್ಲಿಷಿನವರು ಆ ಜೋಡಿಪದದಲ್ಲಿ ಮೊದಲಿನದನ್ನು ಬಿಟ್ಟು ‘ಸ್ಟಾರ್ಟರ್’ ಇಟ್ಟುಕೊಂಡರೆ, ನಾವು ಎರಡನೆಯದನ್ನು ಬಿಟ್ಟು ‘ಸೆಲ್ಫ್’ ಇಟ್ಟುಕೊಂಡೆವು. ಇದನ್ನು ಅರೆಬರೆ ಎರವಲು ಎಂದು ಹಳಿಯುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ಸ್ಟಾರ್ಟರ್ ಎಂದರೆ ಪಂಪ್‌ಮನೆಯ ಗೋಡೆಗೆ ಬಡಿದಿರುವ, ಹಸಿರು ಕೆಂಪು ಗುಂಡಿಗಳ ಡಬ್ಬಿ. ‘ಸ್ಟಾರ್ಟರ್ ಹೋಗಿದೆ’ ಎಂದರೆ ಕೇಳಿದವನು ಬಾವಿಯ ಕಡೆಗೆ ಹೊರಡುತ್ತಾನೆ, ಟ್ರ್ಯಾಕ್ಟರಿನ ಕಡೆಗಲ್ಲ. ಒಂದೇ ಹೊಲದಲ್ಲಿ ಎರಡು ಸ್ಟಾರ್ಟರುಗಳು ಗೊಂದಲ ಮಾಡದಂತೆ ಬಳಕೆಯೇ ಅವನ್ನು ಬೇರ್ಪಡಿಸಿಕೊಂಡಿದೆ ಎಂದು ನನಗೆ ತೋರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ಸೆಲ್ಫ್’ ಹಾಗೆಯೇ ಇರುತ್ತದೆ.

ನನ್ನ ನಿಜವಾದ ಪ್ರಶ್ನೆ ಇರುವುದು ಕ್ರಿಯಾಪದಗಳ ಬಗ್ಗೆ. ಬಿಡಿಭಾಗಗಳ ಹೆಸರುಗಳೆಲ್ಲ ಎರವಲಾದರೂ, ಗಾಡಿಗೆ ಏನಾಗಿದೆ ಎಂದು ಹೇಳುವ ಮಾತುಗಳು ಅಪ್ಪಟ ಕನ್ನಡದವು, ಮತ್ತು ದೋಷ ಯಾವ ಜಾಗದಲ್ಲಿದೆ ಎಂಬ ಸುಳಿವು ಆ ಮಾತುಗಳಲ್ಲೇ ಅಡಗಿದೆ. ‘ಎತ್ತುತ್ತಿಲ್ಲ’ ಎಂದರೆ ಸೆಲ್ಫ್ ತಿರುಗಲು ಹೊರಟಿದೆ, ಆದರೆ ಡೀಸೆಲ್ ಇಂಜಿನ್ನಿನ ಒತ್ತಡವನ್ನೂ ಚಳಿಗೆ ದಪ್ಪಗಾದ ಎಣ್ಣೆಯನ್ನೂ ಮೀರಿ ಅದನ್ನು ಸುತ್ತಿಸುವಷ್ಟು ಕಸುವು ಸಿಗುತ್ತಿಲ್ಲ. ವೋಲ್ಟೇಜು ಬಿದ್ದ ದಿನ ‘ಮೋಟ್ರು ಎತ್ತುತ್ತಿಲ್ಲ’ ಎನ್ನುತ್ತೇವಲ್ಲ, ಅಲ್ಲಿ ಎತ್ತಬೇಕಾದ್ದು ನೀರು. ಆ ಮಾತೇ ಕರ್ಮಪದವನ್ನು ಕಳಚಿಕೊಂಡು ಟ್ರ್ಯಾಕ್ಟರಿಗೆ ಬಂದಿರಬೇಕು ಎಂಬುದು ನನ್ನ ಊಹೆ. ‘ಕಚ್ಚುತ್ತಿಲ್ಲ’ ಎಂದರೆ ಕಥೆಯೇ ಬೇರೆ. ಸೆಲ್ಫ್ ಸುಯ್ಯೆಂದು ಸಲೀಸಾಗಿ ಸುತ್ತುತ್ತದೆ, ಆದರೆ ಅದರ ತುದಿಯ ಪುಟ್ಟ ಗೇರಾದ ಪಿನಿಯನ್ನಿನ ಹಲ್ಲು ಇಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಕೂಡಿಕೊಳ್ಳುವುದಿಲ್ಲ, ಇಂಜಿನ್ ಅಲ್ಲಾಡುವುದಿಲ್ಲ. ಇಲ್ಲಿ ಬ್ಯಾಟರಿಯನ್ನು ಅನುಮಾನಿಸುವುದು ವ್ಯರ್ಥ. ‘ಟಕಟಕ ಅನ್ನುತ್ತದೆ’ ಎಂದರೆ ಸೆಲ್ಫಿಗೆ ಕರೆಂಟ್ ಕೊಡುವ ಸಾಲಿನಾಯ್ಡ್ ಸ್ವಿಚ್ಚು ಸೇರುತ್ತಿದೆ, ಸೇರಿದೊಡನೆ ಮೋಟಾರು ಕರೆಂಟ್ ಎಳೆಯುವುದರಿಂದ ವೋಲ್ಟೇಜು ಕುಸಿದು ಸ್ವಿಚ್ಚು ಬಿಟ್ಟುಕೊಳ್ಳುತ್ತಿದೆ, ಮತ್ತೆ ಸೇರುತ್ತಿದೆ. ‘ಒಂದೇ ಸಲ ಟಕ್ ಅಂದು ಸುಮ್ಮನಾಗುತ್ತದೆ’ ಎಂದರೆ ಆ ಸ್ವಿಚ್ಚಿನ ಒಳಗಿನ ತಾಮ್ರದ ಮುಖ ಸುಟ್ಟಿರಬಹುದು, ಇಲ್ಲವೇ ಸೆಲ್ಫಿನ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದಿರಬಹುದು. ಏನೂ ಸದ್ದಿಲ್ಲದಿದ್ದರೆ ಬೀಗದ ಕೈ ತಿರುಗಿಸುವ ಸ್ವಿಚ್ಚಿನಿಂದ, ಅಥವಾ ಗೇರಿಗೋ ಕ್ಲಚ್ಚಿಗೋ ಜೋಡಿಸಿರುವ ಸುರಕ್ಷತಾ ಸ್ವಿಚ್ಚಿನಿಂದ ಹುಡುಕಾಟ ಶುರುವಾಗಬೇಕು. ಇಷ್ಟೂ ಭೇದಗಳನ್ನು ‘ಕಾರ್ಯನಿರ್ವಹಿಸುತ್ತಿಲ್ಲ’ ಎಂಬ ಒಂದೇ ಮಾತು ನುಂಗಿಬಿಡುತ್ತದೆ.

‘ಹಿಡಿ’ ಧಾತುವಿನದು ಮಾತ್ರ ಸ್ವಲ್ಪ ಪೇಚಾಟ. ‘ಸುತ್ತುತ್ತದೆ, ಹಿಡಿಯುತ್ತಿಲ್ಲ’ ಎಂದರೆ ಸೆಲ್ಫ್ ತನ್ನ ಕೆಲಸ ಮಾಡಿದೆ, ಇಂಜಿನ್ ಉರಿ ಹತ್ತುತ್ತಿಲ್ಲ. ಡೀಸೆಲ್ ಬರುತ್ತಿಲ್ಲವೇ, ಪೈಪಿನಲ್ಲಿ ಏರ್ ಸೇರಿದೆಯೇ ಎಂದು ನೋಡಬೇಕು. ಆದರೆ ‘ಇಂಜಿನ್ ಹಿಡಿದುಕೊಂಡಿದೆ’ ಎಂದರೆ ಸೊಂಟ ಹಿಡಿದುಕೊಂಡ ಹಾಗೆ, ಪಿಸ್ಟನ್ನೇ ಅಲುಗದಂತೆ ಬಿಗಿದಿದೆ. ಒಂದು ‘ಕೊಳ್ಳು’ ಸೇರಿದ್ದಕ್ಕೆ ಅರ್ಥ ಬಹುಮಟ್ಟಿಗೆ ತಿರುಗುಮುರುಗಾಯಿತು. ಬರವಣಿಗೆಯಲ್ಲಿ ಇವೆರಡನ್ನೂ ಒಂದೇ ಪುಟದಲ್ಲಿ ಬಳಸಿದರೆ ಓದುಗ ಎಡವುತ್ತಾನೆಯೇ? ಎರಡನೆಯದಕ್ಕೆ ‘ಬಿಗಿದುಕೊಂಡಿದೆ’ ಎನ್ನಬಹುದೆಂದು ಯೋಚಿಸಿದ್ದೇನೆ.

‘ಅರ್ತ್’ ಪದಕ್ಕೆ ‘ಭೂಸಂಪರ್ಕ’ ಎಂಬ ರೂಢಿಯ ಅನುವಾದವನ್ನು ನಾನು ಖಚಿತವಾಗಿ ಬೇಡವೆನ್ನುತ್ತೇನೆ. ಮನೆಯ ವೈರಿಂಗಿನಲ್ಲಿ ತಂತಿ ನಿಜವಾಗಿಯೂ ನೆಲದೊಳಗೆ ಹೋಗುತ್ತದೆ, ಅಲ್ಲಿ ಆ ಪದ ಸರಿ. ರಬ್ಬರ್ ಟೈರುಗಳ ಮೇಲೆ ನಿಂತ ಟ್ರ್ಯಾಕ್ಟರಿನಲ್ಲಿ ಭೂಮಿಗೆ ಯಾವ ಕೆಲಸವೂ ಇಲ್ಲ. ಬ್ಯಾಟರಿಯ ಒಂದು ತುದಿಯನ್ನು ಹೆಣೆದ ತಾಮ್ರದ ಪಟ್ಟಿಯಿಂದ ಗಾಡಿಯ ಕಬ್ಬಿಣದ ಮೈಗೆ ಬಿಗಿದಿರುತ್ತಾರೆ, ಸೆಲ್ಫಿಗೆ ಹೋದ ಕರೆಂಟ್ ಆ ಮೈಯ ಮೂಲಕವೇ ಹಿಂದಿರುಗುತ್ತದೆ. ‘ಋಣ ತಂತಿ’ ಎಂದರೂ ತಪ್ಪಾಗುತ್ತದೆ. ಇಂಗ್ಲೆಂಡಿನ ಫರ್ಗುಸನ್ ಟಿಇ 20ರಂತಹ ಹಳೆಯ ಗಾಡಿಗಳಲ್ಲಿ ಮೈಗೆ ಸೇರುವುದು ಧನ ತುದಿ. ಮೆಕ್ಯಾನಿಕ್ಕುಗಳು ಹೇಳುವ ‘ಬಾಡಿ ಅರ್ತ್’ ಇವೆಲ್ಲಕ್ಕಿಂತ ನಿಖರವಾಗಿದೆ. ‘ಮೈತಂತಿ’ ಎಂದು ನಾನೊಂದು ಪದ ಕಟ್ಟಿದ್ದೆ; ಕೇಳಿದವರು ನಕ್ಕಿದ್ದರಿಂದ ಅದನ್ನು ಇಲ್ಲಿ ಮಂಡಿಸುವ ಧೈರ್ಯವಿಲ್ಲ.

ಕೊನೆಯದು ‘ಕಿಲುಬು’. ಹೋದ ಕಾರ್ತಿಕದಲ್ಲಿ ಮಾವನ ಗಾಡಿ ಟಕಟಕ ಎನ್ನುತ್ತಿತ್ತು. ದೀಪ ಚೆನ್ನಾಗಿ ಉರಿಯುತ್ತಿದ್ದುದರಿಂದ ಬ್ಯಾಟರಿ ಸರಿಯಿದೆ ಎಂದು ನಾನು ವಾದಿಸಿದೆ, ಹುಡುಗರು ಹೊಸ ಬ್ಯಾಟರಿ ತರೋಣ ಎಂದರು. ಸೆಲ್ಫ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಮಾತ್ರ ಏನನ್ನೂ ಬಿಚ್ಚದೆ, ನಾಲ್ಕು ಸಲ ಸೆಲ್ಫ್ ಹೊಡೆಸಿ, ಬ್ಯಾಟರಿಯ ಕ್ಲಾಂಪುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ ನೋಡಿದ. ಒಂದು ತಣ್ಣಗಿತ್ತು, ಇನ್ನೊಂದು ಕೈಯಿಡಲಾಗದಷ್ಟು ಬಿಸಿಯಾಗಿತ್ತು. ‘ಮೊದ್ಲು ಕಿಲುಬು ಕೆರೀರಿ ಸಾರ್’ ಎಂದ. ಬಿಸಿನೀರು ಸುರಿದು, ಅಡಿಗೆ ಸೋಡಾ ಹಾಕಿ ಉಜ್ಜಿ, ಕ್ಲಾಂಪನ್ನು ಮರಳುಕಾಗದದಿಂದ ಹೊಳೆಯುವಂತೆ ಕೆರೆದು ಬಿಗಿದು ಮೇಲೆ ಗ್ರೀಸ್ ಸವರಿದ ನಂತರ ಗಾಡಿ ಒಂದೇ ಹೊಡೆತಕ್ಕೆ ಎದ್ದಿತು. ದೀಪಕ್ಕೆ ಬೇಕಾದದ್ದು ಕೆಲವೇ ಆಂಪಿಯರ್. ಸೆಲ್ಫ್ 200 ಆಂಪಿಯರ್ ಎಳೆಯುವಾಗ ಒಂದು ಓಮಿನ ನೂರನೇ ಒಂದು ಪಾಲು ತಡೆಯಿದ್ದರೂ 12 ವೋಲ್ಟಿನಲ್ಲಿ 2 ವೋಲ್ಟ್ ಆ ಕಿಲುಬಿನಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ದೀಪ ನನಗೆ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಆದರೆ ಅದನ್ನು ಕಿಲುಬು ಎನ್ನುವುದು ಸರಿಯೇ? ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು ಎಂಬ ವ್ಯತ್ಯಾಸವನ್ನು ಹುಣಸೆಹಣ್ಣು ಹಾಕಿ ಪಾತ್ರೆ ತಿಕ್ಕಿದವರೆಲ್ಲ ಬಲ್ಲರು. ತಮಿಳಿನ ‘ಕಳಿಂಬು’ ಇದರ ನೆಂಟನೆಂದು ಕಾಣುತ್ತದೆ. ಬ್ಯಾಟರಿಯ ತುದಿಗಳು ಸೀಸದವು, ಅವುಗಳ ಮೇಲೆ ಕೂರುವ ಬಿಳಿಯ ಪುಡಿ ಸೀಸದ ಸಲ್ಫೇಟು. ತಂತಿಯ ತಾಮ್ರಕ್ಕೆ ಆಸಿಡ್ ತಾಗಿ ಆಗುವ ನೀಲಿ ಹಸಿರು ಹುಡಿಯಾದರೋ ತಾಮ್ರದ ಸಲ್ಫೇಟು, ಅಂದರೆ ಅಡಿಕೆ ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ 1 ಕಿಲೋ ಸುಣ್ಣದ ಜೊತೆ 1 ಕಿಲೋ ಬೆರೆಸಿ ನಾವು ಮಳೆಗಾಲದ ಮೊದಲು ಸಿಂಪಡಿಸುವ ಅದೇ ಮೈಲುತುತ್ತ. ಹೀಗಾಗಿ ಹಸಿರಿಗೆ ಕಿಲುಬು ಎನ್ನುವುದಕ್ಕೆ ಅಡ್ಡಿಯಿಲ್ಲ, ಬಿಳಿಗೆ ಯಾವ ಪದ? ಕೆಲವರು ‘ಉಪ್ಪು ಹಿಡಿದಿದೆ’ ಎನ್ನುವುದನ್ನೂ ಕೇಳಿದ್ದೇನೆ. ರಸಾಯನಶಾಸ್ತ್ರದಲ್ಲಿ ಸಲ್ಫೇಟು ಲವಣವೇ ಆದ್ದರಿಂದ ಆ ಮಾತು ಅರಿಯದೆಯೇ ಸರಿಯಾಗಿದೆ.

ಬಲ್ಲವರು ಮುಖ್ಯವಾಗಿ ಎರಡು ವಿಷಯಗಳನ್ನು ತಿಳಿಸಬೇಕೆಂದು ಕೋರುತ್ತೇನೆ. ರಾಯಚೂರು, ವಿಜಯಪುರ, ಮಂಡ್ಯ, ಕರಾವಳಿಯ ಕಡೆಗಳಲ್ಲಿ ‘ಎತ್ತು’, ‘ಕಚ್ಚು’, ‘ಹಿಡಿ’ ಇವೇ ಬಳಕೆಯಲ್ಲಿವೆಯೇ, ಬೇರೆ ಇದ್ದರೆ ಪೂರ್ತಿ ವಾಕ್ಯದೊಂದಿಗೆ ಬರೆಯಿರಿ. ಇನ್ನೊಂದು, ನಮ್ಮಲ್ಲಿ ‘ಬ್ಯಾಟರಿ ಇಳಿದಿದೆ’ ಎಂದರೆ ಚಾರ್ಜ್ ಮಾಡಿದರೆ ಸರಿಹೋಗುವಂಥದ್ದು, ‘ಬ್ಯಾಟರಿ ಹೋಗಿದೆ’ ಎಂದರೆ ರಾತ್ರಿಯಿಡೀ ಚಾರ್ಜಿಗಿಟ್ಟು ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೂ ಸೆಲ್ಫ್ ಹೊಡೆದೊಡನೆ 10ಕ್ಕಿಂತ ಬಹಳ ಕೆಳಗೆ ಕುಸಿಯುವಂಥದ್ದು. ಈ ಎರಡರ ನಡುವೆ, ಬೇಸಿಗೆಯಲ್ಲಿ ಸ್ಟಾರ್ಟ್ ಮಾಡಿ ಚಳಿಗಾಲದಲ್ಲಿ ಕೈಕೊಡುವ ಬ್ಯಾಟರಿಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?